ಡಬ್ಬಿಯ ಮೇಲಿನ ಸಂಖ್ಯೆ, ಬೋರ್ಡ್ ಒಪ್ಪುವ ಸಂಖ್ಯೆ

(ಕಂಪ್ಯೂಟರ್ ದುರಸ್ತಿ ಕಲಿಯುತ್ತಿರುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭಿಕರ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರ‍್ಯಾಮ್ ಹಾಕಿಸಿಕೊಂಡು ಹೋದವರು ತಿರುಗಿ ಬಂದರೆ ಹೇಳುವ ಮಾತುಗಳು ಹೆಚ್ಚಿಲ್ಲ. ‘ಡಿಸ್‌ಪ್ಲೇ ಬರ್ತಿಲ್ಲ.’ ‘ಎಂಟು ಹಾಕಿದ್ರೆ ಆರೇ ತೋರಿಸ್ತಿದೆ.’ ‘ಮೂರು ಸಾವಿರದ ಇನ್ನೂರು ಅಂತ ಕೊಟ್ರಿ, ಸಾವಿರದ ಆರುನೂರು ಬರ್ತಿದೆ.’ ‘ಎಲ್ಲ ಸರಿ, ಆದ್ರೆ ಮಧ್ಯೆ ಮಧ್ಯೆ ಹ್ಯಾಂಗ್ ಆಗುತ್ತೆ.’ ದೂರು ಯಾವುದೇ ಇರಲಿ, ಅವರು ಕೊಡುವ ತೀರ್ಪು ಒಂದೇ: ರ‍್ಯಾಮ್ ಕೆಟ್ಟಿದೆ, ಬದಲಾಯಿಸಿ ಕೊಡಿ. ಹೆಚ್ಚಿನ ಸಲ ಆ ತೀರ್ಪು ತಪ್ಪು ಎಂಬುದೇ ಇವತ್ತಿನ ನನ್ನ ವಾದ.

ಡಬ್ಬಿಯ ಮೇಲೆ ಅಚ್ಚಾದ ವೇಗ ಆ ಸ್ಟಿಕ್ ತಯಾರಿಸಿದವರ ಮಾತು. ನಿಮ್ಮ ಯಂತ್ರದಲ್ಲಿ ಅದು ನಡೆಯಬೇಕಾದರೆ ಮದರ್‌ಬೋರ್ಡೂ ಒಪ್ಪಬೇಕು, ಪ್ರೊಸೆಸರೂ ಒಪ್ಪಬೇಕು. ಪ್ರೊಸೆಸರ್ ಯಾಕೆ ಬಂತು ಅಂದರೆ, ಮೆಮೊರಿಯ ಜೊತೆ ವ್ಯವಹರಿಸುವ ಕಂಟ್ರೋಲರ್ ಈಗ ಅದರ ಒಳಗೇ ಕೂತಿದೆ. ಮೊದಲು ಅದು ಬೋರ್ಡಿನ ಚಿಪ್‌ಸೆಟ್‌ನಲ್ಲಿತ್ತು. ಎಎಂಡಿ 2003ರಲ್ಲಿ ಅಥ್ಲಾನ್ 64 ಜೊತೆ, ಇಂಟೆಲ್ 2008ರಲ್ಲಿ ಮೊದಲ ಕೋರ್ ಐ7 ಜೊತೆ ಅದನ್ನು ಪ್ರೊಸೆಸರ್ ಒಳಗೆ ತಂದವು. ಹಾಗಾಗಿ ‘ಈ ಬೋರ್ಡ್ ಈ ರ‍್ಯಾಮ್ ತಗೊಳ್ಳಲ್ಲ’ ಎಂದು ನಾವು ಬೈಯುವಾಗ ಎಷ್ಟೋ ಸಲ ಬೈಗುಳ ಸೇರಬೇಕಾದದ್ದು ಪ್ರೊಸೆಸರಿಗೆ.

ಕೊಳ್ಳುವ ಮೊದಲು ನೋಡಬೇಕಾದ್ದನ್ನು ಬೇಗ ಮುಗಿಸುತ್ತೇನೆ, ನಿಮಗೆ ಬಹಳಷ್ಟು ಗೊತ್ತಿರುವುದೇ. ಡಿಡಿಆರ್3, 4, 5 ಎಂಬವು ರ‍್ಯಾಮ್‌ನ ತಲೆಮಾರುಗಳು. ಡಿಡಿಆರ್3 ಸ್ಲಾಟಿಗೆ ಡಿಡಿಆರ್4 ಹೋಗುವುದಿಲ್ಲ. ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಕೂರಲಿಲ್ಲವೆಂದು ಒತ್ತಿ ಕೂರಿಸಲು ಹೋದವರು ಸ್ಲಾಟ್ ಒಡೆದದ್ದೂ ಉಂಟು. ಲ್ಯಾಪ್‌ಟಾಪ್ ಆದರೆ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆಯೋ, ಖಾಲಿ ಸ್ಲಾಟ್ ಇದೆಯೋ ಎಂದು ತೆರೆದು ನೋಡದೆ ದುಡ್ಡು ಕೊಡಬೇಡಿ. ಹಳೆಯ ಸರ್ವರ್‌ನಿಂದ ಕಿತ್ತ ರಿಜಿಸ್ಟರ್ಡ್ ಡಿಡಿಆರ್4 ಅಗ್ಗಕ್ಕೆ ಸಿಗುತ್ತದೆ, ಡೆಸ್ಕ್‌ಟಾಪ್ ಸ್ಲಾಟಿನಲ್ಲಿ ಚೆನ್ನಾಗಿ ಕೂರುತ್ತದೆ, ಆದರೆ ಮಾಮೂಲಿ ಮನೆಯ ಬೋರ್ಡು ಅದರಿಂದ ಏಳುವುದಿಲ್ಲ.

ಹಳೆಯ ಯಂತ್ರಗಳ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ನಮ್ಮ ಶಾಲೆಗಳಲ್ಲಿ, ಸೊಸೈಟಿಗಳಲ್ಲಿ, ಝೆರಾಕ್ಸ್ ಅಂಗಡಿಗಳಲ್ಲಿ ಜಿ41, ಎಚ್61 ಎಂಬ ಇಂಟೆಲ್ ಚಿಪ್‌ಸೆಟ್‌ಗಳ ಬೋರ್ಡುಗಳು ಇನ್ನೂ ದುಡಿಯುತ್ತಿವೆ. ಇವುಗಳಿಗೆ ರ‍್ಯಾಮ್ ತರುವಾಗ ಎಷ್ಟು ಜಿಬಿ ಎಂಬುದರ ಜೊತೆಗೆ ಸ್ಟಿಕ್ ಮೇಲೆ ಎಷ್ಟು ಕಪ್ಪು ಚಿಪ್ ಇವೆ ಎಂದೂ ಎಣಿಸಬೇಕು. ಜಿ41 ಚಿಪ್‌ಸೆಟ್‌ಗೆ ಒಂದು ಚಿಪ್ಪಿನಲ್ಲಿ 2 ಗಿಗಾಬಿಟ್‌ಗಿಂತ ಹೆಚ್ಚಿದ್ದರೆ ತಿಳಿಯುವುದಿಲ್ಲ. 2 ಗಿಗಾಬಿಟ್ ಅಂದರೆ 256 ಎಂಬಿ. 4 ಜಿಬಿ ಆಗಬೇಕಾದರೆ ಅಂಥವು 16 ಬೇಕು, ಎರಡೂ ಬದಿಗೆ ಎಂಟೆಂಟು. ನೀವು ಹೊಸದಾಗಿ ತಂದ, ಒಂದೇ ಬದಿಗೆ ಎಂಟು ಚಿಪ್ ಇರುವ 4 ಜಿಬಿ ಸ್ಟಿಕ್ ಅಲ್ಲಿ ನಡೆಯುವುದಿಲ್ಲ. ಅದೇ ಸ್ಟಿಕ್ ಎಚ್61ರಲ್ಲಿ ಸಲೀಸಾಗಿ ನಡೆಯುತ್ತದೆ, ಏಕೆಂದರೆ ಎರಡನೇ, ಮೂರನೇ ತಲೆಮಾರಿನ ಕೋರ್ ಪ್ರೊಸೆಸರುಗಳ ಮಿತಿ ಚಿಪ್ಪಿಗೆ 4 ಗಿಗಾಬಿಟ್. ಅಲ್ಲಿ ತೊಂದರೆ 8 ಜಿಬಿಗೆ ಬರುತ್ತದೆ, ಅದಕ್ಕೂ 16 ಚಿಪ್ ಇರಲೇಬೇಕು. ಮಾರುವವನಿಗೂ ಕೊಳ್ಳುವವನಿಗೂ ಇದು ಗೊತ್ತಿಲ್ಲದೆ ಒಳ್ಳೆಯ ರ‍್ಯಾಮ್ ‘ಡೆಡ್’ ಎಂಬ ಹೆಸರು ಹೊತ್ತು ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆಯಾದ ಎಸ್.ಪಿ. ರೋಡಿಗೆ ಹೋಗಿ ಬರುತ್ತಿರುತ್ತದೆ. ಆನ್‌ಲೈನಿನಲ್ಲಿ ಇನ್ನೊಂದು ಜಾತಿ ಇದೆ, ‘ಎಎಂಡಿ ಓನ್ಲಿ’ ಎಂದು ಸಣ್ಣ ಅಕ್ಷರದಲ್ಲಿ ಬರೆದದ್ದು, ಇಂಟೆಲ್ ಬೋರ್ಡಿನಲ್ಲಿ ಅದು ನಡೆಯುವುದಿಲ್ಲ. ಬೆಲೆ ಅರ್ಧಕ್ಕರ್ಧ ಕಡಿಮೆ ಕಂಡರೆ ಆ ಸಣ್ಣ ಅಕ್ಷರ ಹುಡುಕಿ.

ಈಗ ‘ಡಿಸ್‌ಪ್ಲೇ ಬರ್ತಿಲ್ಲ’ ಎಂಬಲ್ಲಿಗೆ ಬರೋಣ. ಎಲ್ಲಕ್ಕಿಂತ ಹೆಚ್ಚು ಗಾಬರಿ ಇಲ್ಲೇ, ಎಲ್ಲಕ್ಕಿಂತ ಸುಲಭದ ಪರಿಹಾರವೂ ಇಲ್ಲೇ.

ಮೊದಲು ಸ್ಟಿಕ್ ಪೂರ್ತಿ ಕೂತಿದೆಯೇ ನೋಡಿ. ಹೊಸ ಬೋರ್ಡುಗಳಲ್ಲಿ ಒಂದೇ ಬದಿಗೆ ಲಾಕ್ ಇರುತ್ತದೆ. ಆ ಬದಿ ಟಕ್ ಎಂದಿರುತ್ತದೆ, ಇನ್ನೊಂದು ಬದಿ ಕೂದಲೆಳೆಯಷ್ಟು ಮೇಲೆದ್ದಿರುತ್ತದೆ. ಅಷ್ಟು ಸಾಕು. ಎರಡನೆಯದು, ಯಾವ ಸ್ಲಾಟ್? ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಒಂದೇ ಸ್ಟಿಕ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಸ್ಲಾಟ್, ಅಂದರೆ ಎ2. ಎರಡಿದ್ದರೆ ಎ2 ಮತ್ತು ಬಿ2, ಎರಡನೆಯದು ಮತ್ತು ನಾಲ್ಕನೆಯದು. ಹತ್ತಿರದ್ದು ಒಂದನೆಯದಲ್ಲವೇ, ಅಲ್ಲಿಂದ ಶುರುಮಾಡೋಣ ಎಂದು ನಮಗೆ ಅನ್ನಿಸುತ್ತದೆ. ಆದರೆ ಇವತ್ತಿನ ಹೆಚ್ಚಿನ ಬೋರ್ಡುಗಳಲ್ಲಿ ತಂತಿಗೆರೆ ಮೊದಲ ಸ್ಲಾಟನ್ನು ಹಾದು ಎರಡನೆಯದರಲ್ಲಿ ಕೊನೆಯಾಗುತ್ತದೆ. ಕೊನೆಯದನ್ನು ಖಾಲಿ ಬಿಟ್ಟರೆ ಆ ಉಳಿದ ತುಂಡಿನಿಂದ ಸಂಕೇತ ಪ್ರತಿಫಲಿಸಿ ಹಿಂದಕ್ಕೆ ಬರುತ್ತದೆ, ವೇಗ ಹೆಚ್ಚಿದಷ್ಟೂ ಅದರ ಕಾಟ ಹೆಚ್ಚು. ಬೋರ್ಡಿನ ಮ್ಯಾನುಯಲ್‌ನಲ್ಲಿ ಇದಕ್ಕೆಂದೇ ಒಂದು ಚಿತ್ರ ಇರುತ್ತದೆ. ಇಡೀ ಪುಸ್ತಕ ಓದದಿದ್ದರೂ ಆ ಒಂದು ಪುಟ ನೋಡಿ.

ಮೂರನೆಯದು, ರಬ್ಬರ್. ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ, ಉಫ್ ಎಂದು ಊದಿ ಮತ್ತೆ ಹಾಕುವುದು ನಮ್ಮ ಕಸುಬಿನ ಮಂತ್ರ. ಅದು ಕೆಲಸ ಮಾಡುತ್ತದೆ, ಸುಳ್ಳಲ್ಲ. ಮಲೆನಾಡಿನ ಮಳೆಗಾಲದಲ್ಲಿ, ಕರಾವಳಿಯ ಉಪ್ಪುಗಾಳಿಯಲ್ಲಿ ತಿಂಗಳುಗಟ್ಟಲೆ ಆಫ್ ಆಗಿದ್ದ ಯಂತ್ರದ ಪಿನ್ನುಗಳ ಮೇಲೆ ತೆಳ್ಳನೆ ಪೊರೆ ಕಟ್ಟಿರುತ್ತದೆ, ಉಜ್ಜಿದರೆ ಹೋಗುತ್ತದೆ. ಆದರೆ ಚಿನ್ನದ ಲೇಪ ಬಹಳ ತೆಳು, ರಬ್ಬರ್ ಅದನ್ನೂ ಸವೆಸುತ್ತದೆ, ಉದುರಿದ ಪುಡಿ ಸ್ಲಾಟಿನೊಳಗೆ ಬೀಳುತ್ತದೆ. ಊದಿದರೆ ಎಂಜಲಿನ ತೇವವೂ ಸೇರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ, ಎಳೆ ಬಿಡದ ಬಟ್ಟೆ ಒಳ್ಳೆಯದು. ಇನ್ನು, ಹೊಚ್ಚ ಹೊಸ ಸ್ಟಿಕ್ಕನ್ನು ಡಬ್ಬಿಯಿಂದ ತೆಗೆದ ತಕ್ಷಣ ರಬ್ಬರ್ ಹುಡುಕುವವರಿದ್ದಾರಲ್ಲ, ಅವರಿಗೆ ಏನು ಹೇಳಬೇಕೋ ನನಗೆ ತಿಳಿಯದು.

ಇಷ್ಟಾದರೂ ಏಳದಿದ್ದರೆ ಹೊಸದನ್ನು ತೆಗೆದಿಟ್ಟು ಹಳೆಯದೊಂದನ್ನೇ ಹಾಕಿ ನೋಡಿ. ಎದ್ದಿತೇ? ಹೊಸದೊಂದನ್ನೇ ಅದೇ ಸ್ಲಾಟಿಗೆ ಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಸ್ಟಿಕ್ಕೂ ಸ್ಲಾಟೂ ಒಟ್ಟಿಗೆ ಬದಲಿಸಿದರೆ ಯಂತ್ರ ಎದ್ದರೂ ಯಾವುದರಿಂದ ಎದ್ದಿತೆಂದು ತಿಳಿಯುವುದಿಲ್ಲ. ಪ್ರತಿ ಸಲವೂ ಪ್ಲಗ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಒಳಗೆ ಉಳಿದ ಕರೆಂಟ್ ಖಾಲಿ ಮಾಡಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿಯ ಕನೆಕ್ಟರನ್ನೂ ಬಿಡಿಸಿ. ಈಗಿನ ಬೋರ್ಡುಗಳಲ್ಲಿ ‘ಡಿರ‍್ಯಾಮ್’ ಎಂದು ಬರೆದ ಪುಟ್ಟ ದೀಪ ಇರುತ್ತದೆ. ಅದು ಹತ್ತಿ ಅಲ್ಲೇ ನಿಂತರೆ ತೊಡಕು ಮೆಮೊರಿಯಲ್ಲಿದೆ ಎಂದು ಬೋರ್ಡೇ ಹೇಳುತ್ತಿದೆ. ಹಳೆಯವು ಇದನ್ನೇ ಬೀಪ್‌ನಲ್ಲಿ ಹೇಳುತ್ತಿದ್ದವು.

ಎರಡು ಸ್ಲಾಟಿನಲ್ಲಿ ಯಾವ ಸ್ಟಿಕ್ ಹಾಕಿದರೂ ಕಾಣಿಸದೆ, ಇನ್ನೆರಡರಲ್ಲಿ ಎಲ್ಲವೂ ಕಾಣಿಸಿದರೆ ರ‍್ಯಾಮ್ ಬಿಟ್ಟು ಪ್ರೊಸೆಸರ್ ಕಡೆ ತಿರುಗಿ. ಸಾಕೆಟ್ಟಿನೊಳಗಿನ ಒಂದು ಪಿನ್ ಬಾಗಿದ್ದರೂ, ಕೂಲರ್‌ನ ಸ್ಕ್ರೂ ಒಂದು ಕಡೆ ಹೆಚ್ಚು ಬಿಗಿಯಾಗಿದ್ದರೂ ಒಂದಿಡೀ ಚಾನೆಲ್, ಅಂದರೆ ಪ್ರೊಸೆಸರಿಗೂ ಮೆಮೊರಿಗೂ ನಡುವಿನ ಒಂದು ದಾರಿ, ಮಾಯವಾಗುತ್ತದೆ.

ಡಿಡಿಆರ್5 ಹಾಕಿದವರಿಗೆ ಒಂದು ಸಮಾಧಾನದ ಮಾತು. ಮೊದಲ ಸಲ ಆನ್ ಮಾಡಿದಾಗ ಕಂಟ್ರೋಲರ್ ಪ್ರತಿ ಗೆರೆಯ ಸಮಯವನ್ನು ಅಳೆದು ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಎಎಂಡಿಯ ರೈಜನ್ 7000 ಸರಣಿಯ ಪ್ರೊಸೆಸರ್ ಕೂರುವ ಎಎಂ5 ಬೋರ್ಡುಗಳಲ್ಲಿ ಇದಕ್ಕೆ ಹಲವು ನಿಮಿಷವೇ ಹಿಡಿಯಬಹುದು, ಅಷ್ಟು ಹೊತ್ತೂ ಪರದೆ ಕಪ್ಪು. ಆ ಹೊತ್ತಿನಲ್ಲಿ ತಾಳ್ಮೆ ಕಳೆದುಕೊಂಡು ಸ್ವಿಚ್ ಆರಿಸಿದರೆ ಮುಂದಿನ ಸಲ ಮತ್ತೆ ಮೊದಲಿನಿಂದ ಶುರು. ಆನ್ ಮಾಡಿ, ಚಹಾ ಕುಡಿದು ಬನ್ನಿ.

ಸಭೆಯಿಂದ ಒಬ್ಬರು ಕೇಳಿದರು: ‘ಸಾರ್, ಸಿಮಾಸ್ ಸೆಲ್ ತೆಗೆದು ಹಾಕಿದ್ರೆ ಎಲ್ಲ ಸರಿ ಹೋಗುತ್ತೆ ಅಂತಾರೆ?’

ಹೋಗಬಹುದು. ಬಯಾಸ್‌ನಲ್ಲಿ, ಅಂದರೆ ಯಂತ್ರವನ್ನು ಎಬ್ಬಿಸುವ ಬೋರ್ಡಿನ ತಂತ್ರಾಂಶದಲ್ಲಿ, ಉಳಿದ ಹಳೆಯ ವೇಗ, ಹಳೆಯ ವೋಲ್ಟೇಜ್ ಹೊಸ ಸ್ಟಿಕ್ಕಿಗೆ ಹೊಂದದಿದ್ದರೆ ಆ ಸೆಟ್ಟಿಂಗುಗಳ ನೆನಪನ್ನು ಕಾಯುವ ಸಿಆರ್2032 ಸೆಲ್ಲನ್ನು, ಅಂದರೆ ಸಿಮಾಸ್ ಸೆಲ್ಲನ್ನು, ಕೆಲವು ನಿಮಿಷ ತೆಗೆದಿಡುವುದು ಅಥವಾ ಕ್ಲಿಯರ್ ಸಿಮಾಸ್ ಜಂಪರ್ ಬಳಸುವುದು ಸರಿಯಾದ ಮದ್ದು. ಆದರೆ ಅದು ಮೆಮೊರಿಯದ್ದಷ್ಟೇ ಅಲ್ಲದೆ ಎಲ್ಲ ಸೆಟ್ಟಿಂಗುಗಳನ್ನೂ ಅಳಿಸುತ್ತದೆ. ಡಿಸ್ಕ್ ಕಂಟ್ರೋಲರ್ ಎಎಚ್‌ಸಿಐ ಎಂಬ ವಿಧಾನದಲ್ಲಿದ್ದದ್ದು ರೇಡ್ ಎಂಬ ವಿಧಾನಕ್ಕೆ ಹೋಗಬಹುದು, ಹಳೆಯ ರೀತಿಯ ಲೆಗಸಿ ಬೂಟ್ ಇದ್ದದ್ದು ಹೊಸ ರೀತಿಯ ಯುಇಎಫ್‌ಐ ಆಗಬಹುದು. ಆಗ ವಿಂಡೋಸ್ ಏಳುವುದಿಲ್ಲ. ‘ರ‍್ಯಾಮ್ ಹಾಕಲು ಕೊಟ್ಟರೆ ಹಾರ್ಡ್ ಡಿಸ್ಕ್ ಹಾಳು ಮಾಡಿದರು’ ಎಂಬ ಜಗಳದ ಮೂಲ ಎಷ್ಟೋ ಸಲ ಇದೇ. ಆದ್ದರಿಂದ ಯಂತ್ರ ಏಳುವ ಸ್ಥಿತಿಯಲ್ಲಿರುವಾಗಲೇ ಬಯಾಸ್‌ನ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಇನ್ನೊಂದು ವಿಷಯ ಬಿಟ್‌ಲಾಕರ್. ಈಗಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಮಾಲೀಕನಿಗೇ ತಿಳಿಯದಂತೆ ಡಿಸ್ಕ್‌ಗೆ ಬೀಗ ಬಿದ್ದಿರುತ್ತದೆ. ಬಯಾಸ್ ಅಪ್‌ಡೇಟ್ ಮಾಡಿದರೆ, ಕೆಲವು ಸೆಟ್ಟಿಂಗ್ ಬದಲಾದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿದೆಯೇ ಎಂದು ಮೊದಲೇ ನೋಡಿಸಿ, ಬಿಟ್‌ಲಾಕರ್ ಸಸ್ಪೆಂಡ್ ಮಾಡಿ ಆಮೇಲೆ ಕೈ ಹಾಕಿ. ಗ್ರಾಹಕರ ಮಗಳ ಮದುವೆಯ ಫೋಟೊಗಳು ಒಳಗಿದ್ದು ಕೀ ಯಾರಿಗೂ ಗೊತ್ತಿಲ್ಲದಿದ್ದರೆ ನಿಮ್ಮ ಯಾವ ಜಾಣತನವೂ ಕೆಲಸಕ್ಕೆ ಬರುವುದಿಲ್ಲ.

ಎಂಟು ಹಾಕಿದರೆ ಆರು ತೋರಿಸುವ ದೂರು. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ ನೋಡಿ. ಎಷ್ಟು ಸ್ಲಾಟ್ ಬಳಕೆಯಲ್ಲಿವೆ, ಯಾವ ವೇಗ, ‘ಹಾರ್ಡ್‌ವೇರ್ ರಿಸರ್ವ್ಡ್’ ಎಷ್ಟು ಎಂಬುದೆಲ್ಲ ಒಂದೇ ಕಡೆ ಇದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಪರದೆಗೆ ಬೇಕಾದ ಮೆಮೊರಿಯೂ ಇದೇ ರ‍್ಯಾಮ್‌ನಿಂದ ಹೋಗಬೇಕು. ಬಯಾಸ್‌ನಲ್ಲಿ ಯುಎಂಎ ಫ್ರೇಮ್ ಬಫರ್ 2 ಜಿಬಿ ಎಂದಿದ್ದರೆ 16ರಲ್ಲಿ ಹತ್ತಿರ ಹತ್ತಿರ 14 ಉಳಿಯುತ್ತದೆ, ಅಷ್ಟೇ. ಅದು ದೋಷವಲ್ಲ, ಬೇಕಿದ್ದರೆ ಕಡಿಮೆ ಮಾಡಿಕೊಳ್ಳಬಹುದು. 32 ಬಿಟ್ ವಿಂಡೋಸ್ ಆದರೆ 4 ಜಿಬಿ ಹಾಕಿದರೂ ಮೂರು ಚಿಲ್ಲರೆಯೇ ಸಿಗುವುದು, ಉಳಿದ ವಿಳಾಸಗಳು ಗ್ರಾಫಿಕ್ಸ್ ಮತ್ತಿತರ ಸಾಧನಗಳ ಪಾಲು. ನಮ್ಮಲ್ಲಿ ಬಹಳ ಮಾರಾಟವಾದ ವಿಂಡೋಸ್ 7 ಹೋಮ್ ಬೇಸಿಕ್‌ಗೆ 64 ಬಿಟ್ ಇದ್ದರೂ 8 ಜಿಬಿಯೇ ಮಿತಿ. ಅಲ್ಲಿ 16 ಹಾಕಿಸಿದವರ ದುಡ್ಡು ಬರೀ ಸ್ಲಾಟಿನಲ್ಲಿ ಕೂತಿರುತ್ತದೆ.

ಇವ್ಯಾವುದೂ ಅಲ್ಲವೆಂದರೆ ಎಂಎಸ್‌ಕಾನ್ಫಿಗ್ ತೆರೆಯಿರಿ. ಬೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅಲ್ಲಿ ‘ಮ್ಯಾಕ್ಸಿಮಮ್ ಮೆಮೊರಿ’ ಎಂಬ ಚೌಕ. ‘ಕಂಪ್ಯೂಟರ್ ಸ್ಪೀಡ್ ಮಾಡುವ ಉಪಾಯ’ ಎಂದು ವೀಡಿಯೊಗಳಲ್ಲಿ ಇದಕ್ಕೆ ಟಿಕ್ ಹಾಕಿಸುತ್ತಾರೆ. ಅದು ವೇಗ ಕೊಡುವ ಗುಂಡಿಯಲ್ಲ, ಮೆಮೊರಿಗೆ ಮಿತಿ ಹಾಕುವ ಗುಂಡಿ. ಹಿಂದೆ 4 ಜಿಬಿ ಇದ್ದಾಗ ಯಾರೋ ಟಿಕ್ ಹಾಕಿ ಮರೆತಿರುತ್ತಾರೆ, ಈಗ 8 ಹಾಕಿದರೂ ವಿಂಡೋಸ್ ಹಳೆಯ ಗೆರೆ ದಾಟುವುದಿಲ್ಲ. ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ.

ವೇಗದ ದೂರಿಗೆ ಬರೋಣ. 3200 ಬದಲು 1600 ಎಂಬುದು ಮೋಸವಲ್ಲ. ಡಿಡಿಆರ್‌ನಲ್ಲಿ ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ದತ್ತಾಂಶ ಸಾಗುತ್ತದೆ. ಸಿಪಿಯು-ಝಡ್ ಎಂಬ ತಂತ್ರಾಂಶ ಬಡಿತವನ್ನು ತೋರಿಸುತ್ತದೆ, ಡಬ್ಬಿ ಸಾಗಣೆಯನ್ನು ಹೇಳುತ್ತದೆ. ಎರಡರಿಂದ ಗುಣಿಸಿದರೆ ಆಯಿತು. ಆದರೆ 1066 ಕಂಡರೆ ಕೇಳಬೇಕಾದ ಮಾತೇ, ಯಾಕೆಂದರೆ ಅದು 2133.

ಪ್ರತಿ ಸ್ಟಿಕ್ಕಿನಲ್ಲೂ ಎಸ್‌ಪಿಡಿ ಎಂಬ ಸಣ್ಣ ಚಿಪ್ ಇದೆ, ಅದರಲ್ಲಿ ಆ ಸ್ಟಿಕ್ಕಿನ ಜಾತಕ ಬರೆದಿರುತ್ತದೆ. ಜೆಡೆಕ್ ಸಂಸ್ಥೆಯ ಮಾನಕದ ವೇಗಗಳು ಅಲ್ಲಿ ಮೊದಲು, ಡಿಡಿಆರ್4ಕ್ಕೆ 1600ರಿಂದ 3200ರವರೆಗೆ. ಡಬ್ಬಿಯ ಮೇಲಿನ 3600 ಇರುವುದು ಬೇರೆ ಪುಟದಲ್ಲಿ. ಅದೇ ಎಕ್ಸ್‌ಎಂಪಿ, ಇಂಟೆಲ್ ತಂದದ್ದು. ಎಎಂಡಿ 2022ರಲ್ಲಿ ಡಿಡಿಆರ್5ಗೆ ಎಕ್ಸ್‌ಪೋ ತಂದಿತು. ಕೆಲವು ಬೋರ್ಡುಗಳಲ್ಲಿ ಇದೇ ಸಂಗತಿ ಡಿಓಸಿಪಿ ಎಂಬ ಹೆಸರಿನಲ್ಲಿ ಕಾಣುತ್ತದೆ. ನೀವು ಬಯಾಸ್‌ಗೆ ಹೋಗಿ ಆನ್ ಮಾಡುವವರೆಗೆ ಬೋರ್ಡ್ ಆ ಪುಟ ತೆರೆಯುವುದಿಲ್ಲ. ಇದನ್ನು ಆನ್ ಮಾಡುವುದು ಹೆಸರಿಗೆ ಓವರ್‌ಕ್ಲಾಕಿಂಗೇ, ಅಂದರೆ ಮಾನಕಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದೇ: ಡಿಡಿಆರ್4ರ ಮಾನಕ 1.2 ವೋಲ್ಟ್, ಎಕ್ಸ್‌ಎಂಪಿ ಹಾಕಿದರೆ ಸಾಮಾನ್ಯವಾಗಿ 1.35.

ಆನ್ ಮಾಡಿದರೂ ಬರದೇ ಇರಬಹುದು. ಒಂದು ಮಾದರಿ ಹೇಳುತ್ತೇನೆ, ಇದು ನಿಮ್ಮ ಮುಂದೆ ಖಂಡಿತ ಬರುತ್ತದೆ. ಎಚ್410 ಅಥವಾ ಬಿ460 ಬೋರ್ಡು, ಹತ್ತನೇ ತಲೆಮಾರಿನ ಕೋರ್ ಐ5, 3200ರ ಸ್ಟಿಕ್. ಬರುವುದು 2666. ಏನು ಮಾಡಿದರೂ ಅಷ್ಟೇ. ಆ ಚಿಪ್‌ಸೆಟ್‌ಗಳಲ್ಲಿ ಮೆಮೊರಿ ಓವರ್‌ಕ್ಲಾಕಿಂಗ್‌ಗೆ ಇಂಟೆಲ್ ಅವಕಾಶ ಕೊಟ್ಟಿರಲಿಲ್ಲ, ಆ ಪ್ರೊಸೆಸರಿನ ಅಧಿಕೃತ ಮಿತಿಯೇ 2666. 2021ರಲ್ಲಿ ಬಿ560 ಬಂದಾಗ ಆ ಬಾಗಿಲು ತೆರೆಯಿತು. ಗ್ರಾಹಕರಿಗೆ ಇದನ್ನು ಹೇಳಿ, ರ‍್ಯಾಮ್ ವಾಪಸ್ ಕಳಿಸುವ ಓಡಾಟ ತಪ್ಪುತ್ತದೆ.

ಇನ್ನೊಂದು, ನಾಲ್ಕೂ ಸ್ಲಾಟ್ ತುಂಬಿಸುವ ಆಸೆ. ಡಿಡಿಆರ್4ರಲ್ಲಿ ಹೇಗೋ ನಡೆಯುತ್ತಿತ್ತು. ಡಿಡಿಆರ್5ರಲ್ಲಿ ಪೆಟ್ಟು ಜೋರು. ರೈಜನ್ 7000ಕ್ಕೆ ಎಎಂಡಿ ಹೇಳುವ ಅಧಿಕೃತ ವೇಗ ಎರಡು ಸ್ಟಿಕ್ಕಿಗೆ 5200, ನಾಲ್ಕಾದರೆ 3600. ಎರಡು 6000ದ ಸ್ಟಿಕ್ ಇದ್ದವರು ಅದೇ ಕಂಪನಿಯ ಇನ್ನೆರಡು ತಂದು ಹಾಕಿ ಕಪ್ಪು ಪರದೆ ನೋಡುತ್ತಾ ಕೂರುವುದು ಇದರಿಂದಲೇ. ಅಲ್ಲಿ ಹಳೆಯ ಜೋಡಿ ಮಾರಿ ದೊಡ್ಡ ಜೋಡಿ ಕೊಳ್ಳುವುದೇ ಸರಿ, ಜೇಬಿಗೆ ನೋವಾದರೂ.

ಪ್ರಶ್ನೆ: ‘ಬೇರೆ ಬೇರೆ ಕಂಪನಿಯದ್ದು, 8 ಮತ್ತು 16 ಒಟ್ಟಿಗೆ ಹಾಕಬಹುದಾ?’

ಜೋಡೆತ್ತಿನ ಗಾಡಿ ನಿಧಾನದ ಎತ್ತಿನ ನಡೆಗೇ ಸಾಗುತ್ತದಲ್ಲ, ಇಲ್ಲೂ ಹಾಗೆ. ಬೋರ್ಡ್ ಎರಡರಲ್ಲಿ ಕಡಿಮೆ ವೇಗದ್ದಕ್ಕೆ ಇಳಿಯುತ್ತದೆ. 8 ಮತ್ತು 16 ಹಾಕಿದರೆ ಎರಡರಿಂದಲೂ ಎಂಟೆಂಟು ಸೇರಿ 16 ಜಿಬಿ ಡ್ಯುಯಲ್ ಚಾನೆಲ್‌ನಲ್ಲಿ, ಮಿಕ್ಕ 8 ಒಂಟಿ ಚಾನೆಲ್‌ನಲ್ಲಿ ನಡೆಯುತ್ತದೆ. ಕಚೇರಿ ಕೆಲಸಕ್ಕೆ, ಲ್ಯಾಪ್‌ಟಾಪ್‌ಗೆ ಧಾರಾಳವಾಗಿ ಮಾಡಿ. ಎಕ್ಸ್‌ಎಂಪಿ ಹಾಕಿ ಪೂರ್ತಿ ವೇಗ ಬೇಕೆನ್ನುವವರು ಮಾತ್ರ ಒಂದೇ ಡಬ್ಬಿಯಲ್ಲಿ ಬಂದ ಜೋಡಿಯನ್ನೇ ಕೊಳ್ಳಲಿ. ಒಂದೇ ಮಾಡೆಲ್ ನಂಬರಿನ ಸ್ಟಿಕ್ಕುಗಳಲ್ಲೂ ತಿಂಗಳು ಕಳೆದಂತೆ ಒಳಗಿನ ಚಿಪ್ಪು ಬದಲಾಗಿರುತ್ತದೆ, ಲೇಬಲ್ ಅದನ್ನು ಹೇಳುವುದಿಲ್ಲ.

ಕೊನೆಯ ದೂರು, ನಡುನಡುವೆ ಹ್ಯಾಂಗ್. ನಾಲ್ಕರಲ್ಲಿ ನಾನು ಹೆದರುವುದು ಇದಕ್ಕೆ. ಉಳಿದವು ಕಣ್ಣಿಗೆ ಕಾಣುತ್ತವೆ. ಇದು ಸದ್ದಿಲ್ಲದೆ ಫೈಲುಗಳನ್ನು ಕೆಡಿಸುತ್ತಿರುತ್ತದೆ. ಬ್ಲೂ ಸ್ಕ್ರೀನ್ ಪ್ರತಿ ಸಲ ಬೇರೆ ಬೇರೆ ಹೆಸರು ಹೇಳಿದರೆ, ಜಿಪ್ ಫೈಲ್ ಬಿಚ್ಚುವಾಗ ಫೈಲ್ ಕೆಟ್ಟಿದೆ ಎನ್ನುವ ಸಿಆರ್‌ಸಿ ಎರರ್ ಬಂದರೆ, ವಿಂಡೋಸ್ ಇನ್‌ಸ್ಟಾಲ್ ಅರ್ಧಕ್ಕೆ ನಿಂತರೆ ಮೊದಲ ಅನುಮಾನ ಮೆಮೊರಿಯ ಮೇಲಿರಲಿ. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಗೂಗಲ್‌ನವರ ಜೊತೆ ಸೇರಿ ಗೂಗಲ್ ಸರ್ವರ್‌ಗಳ ಮೇಲೆ ಮಾಡಿದ ಅಧ್ಯಯನ 2009ರಲ್ಲಿ ಬಂತು. ವರ್ಷವೊಂದರಲ್ಲಿ ಶೇ. 8ಕ್ಕಿಂತ ಹೆಚ್ಚು ಸ್ಟಿಕ್ಕುಗಳಲ್ಲಿ ದೋಷ ಕಂಡಿತ್ತು. ಅಲ್ಲಿ ಇಸಿಸಿ ಮೆಮೊರಿ ಇತ್ತು, ಹೆಚ್ಚಿನ ದೋಷಗಳನ್ನು ಹಿಡಿದು ತಿದ್ದಿತು. ನಮ್ಮ ಮನೆಯ ಯಂತ್ರಗಳಲ್ಲಿ ಆ ಕಾವಲು ಇಲ್ಲ.

ಪರೀಕ್ಷೆಗೆ ಮೆಮ್‌ಟೆಸ್ಟ್86 ಇದೆ, ಮುಕ್ತ ತಂತ್ರಾಂಶವಾದ ಮೆಮ್‌ಟೆಸ್ಟ್86+ ಇದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಲು ಬಿಡಿ. ವಿಂಡೋಸಿನ ಸ್ವಂತ ಮೆಮೊರಿ ಡಯಾಗ್ನಾಸ್ಟಿಕ್ ಅವಸರಕ್ಕೆ ಆಗುತ್ತದೆ, ಆದರೆ ಅದು ಪಾಸ್ ಮಾಡಿತೆಂದು ನಿಶ್ಚಿಂತೆ ಬೇಡ. ಒಂದೇ ಒಂದು ಎರರ್ ಬಂದರೂ ಅದು ಎರರೇ. ‘ಒಂದೇ ಅಲ್ವಾ, ಅಡ್ಜಸ್ಟ್ ಮಾಡ್ಕೊಳ್ಳಿ’ ಎನ್ನುವ ಮಾತು ಇಲ್ಲಿಗೆ ತರಬೇಡಿ.

ಎರರ್ ಬಂತೆಂದು ತಕ್ಷಣ ಸ್ಟಿಕ್ಕಿಗೆ ಶಿಕ್ಷೆ ವಿಧಿಸುವುದೂ ಬೇಡ. ಮೊದಲು ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಿ ಅದೇ ಪರೀಕ್ಷೆ ಮತ್ತೆ ಓಡಿಸಿ. ಜೆಡೆಕ್ ವೇಗದಲ್ಲಿ ಶುದ್ಧವಾಗಿ ಪಾಸ್ ಆದರೆ ಸ್ಟಿಕ್ ಬಹುತೇಕ ಆರೋಗ್ಯವಾಗಿದೆ, ಆ ವೇಗಕ್ಕೆ ಒಪ್ಪಂದ ಆಗಿಲ್ಲ ಅಷ್ಟೇ. 3600 ಹಿಡಿಯದಿದ್ದರೆ 3466, ಅದೂ ಬೇಡವಾದರೆ 3200. ದಿನನಿತ್ಯದ ಕೆಲಸದಲ್ಲಿ ಆ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಜೆಡೆಕ್ ವೇಗದಲ್ಲೂ ಎರರ್ ಬಂದರೆ ಒಂದೊಂದೇ ಸ್ಟಿಕ್ ಇಟ್ಟು, ಒಂದೇ ಸ್ಲಾಟಿನಲ್ಲಿ ಪರೀಕ್ಷಿಸಿ. ದೋಷ ಸ್ಟಿಕ್ಕಿನ ಜೊತೆ ಬರುತ್ತಿದೆಯೋ ಸ್ಲಾಟಿನಲ್ಲೇ ಉಳಿಯುತ್ತಿದೆಯೋ ಎಂಬುದು ಆಗ ತಿಳಿಯುತ್ತದೆ. ಸ್ಟಿಕ್ಕಿನ ಜೊತೆಗೇ ಬಂದರೆ ಆಗ ವಾರಂಟಿಗೆ ಕಳಿಸಿ.

ವೋಲ್ಟೇಜ್ ಏರಿಸಿ ಸರಿಮಾಡುವ ಉಪದೇಶ ಎಲ್ಲೆಡೆ ಸಿಗುತ್ತದೆ, ನಾನು ಕೊಡುವುದಿಲ್ಲ. 2023ರ ಏಪ್ರಿಲ್ ಸುಮಾರಿಗೆ ರೈಜನ್ 7000 ಎಕ್ಸ್3ಡಿ ಪ್ರೊಸೆಸರುಗಳು ಸುಟ್ಟ ಸುದ್ದಿ ನಿಮಗೆ ನೆನಪಿರಬಹುದು. ಎಕ್ಸ್‌ಪೋ ಆನ್ ಮಾಡಿದಾಗ ಕೆಲವು ಬೋರ್ಡುಗಳು ಪ್ರೊಸೆಸರಿನ ಎಸ್‌ಓಸಿ ವೋಲ್ಟೇಜನ್ನು ತಾವಾಗಿಯೇ ಹೆಚ್ಚು ಏರಿಸುತ್ತಿದ್ದವು. ಆಮೇಲೆ ಎಎಂಡಿ ಹೊಸ ಬಯಾಸ್‌ಗಳಲ್ಲಿ ಅದಕ್ಕೆ 1.3 ವೋಲ್ಟಿನ ಮಿತಿ ಹಾಕಿತು. ಹಾಗಾಗಿ ಎಎಂ5 ಬೋರ್ಡು ಕೈಗೆ ಬಂದರೆ ಮೊದಲು ಬಯಾಸ್ ಹೊಸದು ಮಾಡಿ, ಎಕ್ಸ್‌ಪೋ ಆಮೇಲೆ. ಬಯಾಸ್ ಅಪ್‌ಡೇಟ್ ಮೆಮೊರಿ ಹೊಂದಾಣಿಕೆಯನ್ನೂ ಸುಧಾರಿಸುತ್ತದೆ. 2017ರಲ್ಲಿ ಮೊದಲ ರೈಜನ್ ಬಂದಾಗ ಮೆಮೊರಿ ರಗಳೆ ವಿಪರೀತ ಇತ್ತು, ತಿಂಗಳುಗಳಲ್ಲಿ ಬಂದ ಅಪ್‌ಡೇಟುಗಳೇ ಅದನ್ನು ತಹಬಂದಿಗೆ ತಂದವು. ನಮ್ಮಲ್ಲಿ ಒಂದೇ ಎಚ್ಚರ: ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಬಾರದು. ಯುಪಿಎಸ್ ಇಲ್ಲದೆ, ಗುಡುಗು ಮಳೆಯ ಸಂಜೆ ಆ ಕೆಲಸಕ್ಕೆ ಕೂರಬೇಡಿ.

ಕೊನೆಗೊಬ್ಬರು ಕೇಳಿದರು: ‘ಈಗ ರ‍್ಯಾಮ್ ರೇಟು ಹೀಗಿರುವಾಗ ಸೆಕೆಂಡ್ ಹ್ಯಾಂಡ್ ತಗೋಬಹುದಾ?’

2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ಬೆಲೆ ಹೇಗೆ ಏರಿತೆಂದು ನೋಡಿದ್ದೀರಿ, ಹಾಗಾಗಿ ಈ ಪ್ರಶ್ನೆ ನ್ಯಾಯವೇ. ತಗೊಳ್ಳಿ. ರ‍್ಯಾಮ್ ಬಳಸಿದಷ್ಟಕ್ಕೆ ಸವೆಯುವ ವಸ್ತುವಲ್ಲ. ಅಂಗಡಿಯಲ್ಲೇ ಹಾಕಿಸಿ, ಸಿಪಿಯು-ಝಡ್‌ನ ಎಸ್‌ಪಿಡಿ ಪುಟದಲ್ಲಿ ಕಾಣುವ ಮಾಹಿತಿ ಲೇಬಲ್ಲಿಗೆ ಹೊಂದುತ್ತದೆಯೇ ನೋಡಿ. ಲೇಬಲ್ ಕಿತ್ತು ಬೇರೆ ಅಂಟಿಸುವುದು ಸುಲಭ, ಎಸ್‌ಪಿಡಿ ತಿದ್ದುವಷ್ಟು ಕಷ್ಟವನ್ನು ಎಲ್ಲರೂ ಪಡುವುದಿಲ್ಲ. ಹಳೆಯ ಬೋರ್ಡಿಗಾದರೆ ಚಿಪ್ ಎಣಿಸಿ. ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ ನಾಳೆ ಹೇಳುತ್ತೇನೆ, ಎರರ್ ಬಂದರೆ ವಾಪಸ್ ಎಂದು ಮೊದಲೇ ಮಾತಾಡಿ. ಒಪ್ಪದವನ ಬಳಿ ಕೊಳ್ಳಬೇಡಿ.